ಪ್ಲೇಟ್‌ಲೆಟ್ ಬಿಡಿ, ಕಾಲು ಮುಟ್ಟಿ ನೋಡಿ

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಡೆಂಗಿ ಬಂದು ಐದನೇ ದಿನ. ಜ್ವರ ನಿನ್ನೆಯಿಂದ ಇಲ್ಲ, ಆದರೆ ಪ್ಲೇಟ್‌ಲೆಟ್ 48 ಸಾವಿರಕ್ಕೆ ಇಳಿದಿದೆ. ಪಪ್ಪಾಯಿ ಎಲೆ ರಸ, ಕಿವಿ ಹಣ್ಣು ಕೊಡುತ್ತಿದ್ದೇವೆ. ಪ್ಲೇಟ್‌ಲೆಟ್ ಹಾಕಿ ಎಂದರೆ ಡಾಕ್ಟರು ಒಪ್ಪುತ್ತಿಲ್ಲ. ಬೇರೆ ಆಸ್ಪತ್ರೆಗೆ ಕರೆದೊಯ್ಯೋಣವೇ ಸಿಸ್ಟರ್?
(ಓದುಗರೊಬ್ಬರು, ದಾವಣಗೆರೆ)

ನಿಮಗೆ ಫೋನಿನಲ್ಲೇ ಹೇಳಿಯಾಗಿದೆ, ನಿಮ್ಮ ತಮ್ಮನೂ ಮನೆಗೆ ಬಂದಾಯಿತು. ಆದರೂ ಇಲ್ಲಿ ಬರೆಯುತ್ತಿದ್ದೇನೆ. ಈ ಮಳೆಗಾಲದಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಹನ್ನೊಂದು ಸಲ ಬಂದಿದೆ. ಹನ್ನೊಂದರಲ್ಲೂ ಪ್ಲೇಟ್‌ಲೆಟ್ ಲೆಕ್ಕ ಇದೆ. ರೋಗಿ ಬೆಳಗಿನಿಂದ ಎಷ್ಟು ಸಲ ಮೂತ್ರ ಮಾಡಿದ ಅನ್ನುವುದು ಒಂದರಲ್ಲೂ ಇಲ್ಲ.

ಮೆಡಿಕಲ್ ವಾರ್ಡಿನಲ್ಲಿ ಕಂಡ ಒಂದು ರಾತ್ರಿ ಹೇಳುತ್ತೇನೆ. ಅಕ್ಕಪಕ್ಕದ ಎರಡು ಮಂಚ. ಒಂದರಲ್ಲಿ ಕಾಲೇಜು ಹುಡುಗಿ, ಪ್ಲೇಟ್‌ಲೆಟ್ 14 ಸಾವಿರ. ಇನ್ನೊಂದರಲ್ಲಿ ಗ್ಯಾರೇಜ್ ಹುಡುಗ, 62 ಸಾವಿರ. ಹುಡುಗಿಯ ಮನೆಯವರೆಲ್ಲ ಕಾರಿಡಾರಿನಲ್ಲಿ ರಕ್ತ ಕೊಡುವವರನ್ನು ಹುಡುಕುತ್ತ ಫೋನಿನಲ್ಲಿದ್ದರು. ಅವಳು ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಹುಡುಗನ ಅಪ್ಪ ರಿಪೋರ್ಟು ಮಡಚಿ ಜೇಬಿಗಿಟ್ಟು, ಜ್ವರ ಬಿಟ್ಟಿದೆ, ಲೆಕ್ಕವೂ ಚೆನ್ನಾಗಿದೆ ಎಂದು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಹುಡುಗ ಮಾತ್ರ ಹೊದಿಕೆ ಎಳೆಯುವುದು, ಬಿಸಾಡುವುದು, ಮಗ್ಗುಲು ಬದಲಿಸುವುದು ಮಾಡುತ್ತಿದ್ದ. ಹೊಟ್ಟೆ ನೋವು ಎಂದ. ಪಾದ ಮುಟ್ಟಿದೆ, ತಣ್ಣಗಿತ್ತು. ನಾಡಿ ದಾರದಷ್ಟು ಸಣ್ಣ. ಬಿಪಿ 100/84. ಹೊಸದಾಗಿ ಸೇರಿದ ನರ್ಸ್ ಅದನ್ನು ಅರ್ಧ ಗಂಟೆ ಮೊದಲು ನೋಡಿ 'ನಾರ್ಮಲ್' ಎಂದು ಬರೆದಿದ್ದಳು. ಮೇಲಿನದರಿಂದ ಕೆಳಗಿನದನ್ನು ಕಳೆದಿರಲಿಲ್ಲ. 16. ಡೆಂಗಿಯಲ್ಲಿ ಆ ಅಂತರ 20ಕ್ಕೆ ಅಥವಾ ಅದಕ್ಕೂ ಕೆಳಗೆ ಬಂದರೆ ರೋಗಿ ಶಾಕ್‌ನಲ್ಲಿದ್ದಾನೆ, ಅಂದರೆ ಅಂಗಗಳಿಗೆ ರಕ್ತ ಸಾಲುತ್ತಿಲ್ಲ ಎಂದೇ ಲೆಕ್ಕ. ಡಾಕ್ಟರನ್ನು ಎಬ್ಬಿಸಿದೆವು, ಐಸಿಯುಗೆ ಹೋದ, ಬದುಕಿದ. ಹುಡುಗಿ ಎರಡು ದಿನಕ್ಕೆ ತಾನಾಗೇ ನಡೆದುಕೊಂಡು ಮನೆಗೆ ಹೋದಳು, ಒಂದು ಬಾಟಲಿ ಪ್ಲೇಟ್‌ಲೆಟ್ ಹಾಕಿಸಿಕೊಳ್ಳದೆ.

ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ರಕ್ತಸ್ರಾವವಲ್ಲ, ಸೋರಿಕೆ. ಹೊಸ ಮಡಕೆ ಜಿನುಗುವ ಹಾಗೆ ರಕ್ತನಾಳಗಳಿಂದ ನೀರಿನಂಶ ಹೊಟ್ಟೆಗೆ, ಶ್ವಾಸಕೋಶದ ಸುತ್ತಲಿನ ಜಾಗಕ್ಕೆ ಇಳಿಯುತ್ತದೆ. ಒಳಗುಳಿದ ರಕ್ತ ಗಟ್ಟಿಯಾಗುತ್ತದೆ. ಹಾಗಾಗಿ ನಾವು ರಿಪೋರ್ಟಿನಲ್ಲಿ ಮೊದಲು ನೋಡುವುದು ಪಿಸಿವಿ, ಅಂದರೆ ಹೆಮಾಟೋಕ್ರಿಟ್, ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಎಂಬ ಲೆಕ್ಕ. 40 ಇದ್ದದ್ದು 48 ಆದರೆ ಶೇ 20 ಏರಿತು. ಆಗ ಪ್ಲೇಟ್‌ಲೆಟ್ ಎಷ್ಟೇ ಇರಲಿ, ನಾನು ಆ ಮಂಚ ಬಿಟ್ಟು ಕದಲುವುದಿಲ್ಲ. ಈ ಸೋರಿಕೆ ಶುರುವಾಗುವುದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಅದೂ ಜ್ವರ ಇಳಿಯುವ ಹೊತ್ತಿಗೆ. 24ರಿಂದ 48 ಗಂಟೆ ಇರುತ್ತದೆ. ನೀವು 'ಜ್ವರ ನಿನ್ನೆಯಿಂದ ಇಲ್ಲ' ಎಂದು ಸಮಾಧಾನದಿಂದ ಬರೆದಿದ್ದೀರಲ್ಲ, ನನ್ನ ಎದೆ ಧಸಕ್ಕೆಂದದ್ದು ಆ ಸಾಲಿಗೆ. ಇಳಿದು ಚುರುಕಾಗಿ ಊಟ ಕೇಳಿದರೆ ಸಂತೋಷ. ಇಳಿದು ಮಂಕಾದರೆ, ಚಡಪಡಿಸಿದರೆ, ಹೊಟ್ಟೆ ನೋವು ಬಿಡದಿದ್ದರೆ, ವಾಂತಿ ನಿಲ್ಲದಿದ್ದರೆ, ಒಸಡಿನಲ್ಲಿ ರಕ್ತ ಕಂಡರೆ, 4ರಿಂದ 6 ಗಂಟೆ ಮೂತ್ರವೇ ಆಗದಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ಉಗುರು ಒತ್ತಿ ಬಿಡಿ, ಬಿಳಿಚಿದ್ದು 2 ಸೆಕೆಂಡಿನೊಳಗೆ ಕೆಂಪಾಗಬೇಕು. ಪಾದ ಮುಟ್ಟುವುದಕ್ಕೆ ಲ್ಯಾಬ್ ಬೇಕಿಲ್ಲ.

ನಿಮ್ಮ ಡಾಕ್ಟರು ಸರಿ. ರಕ್ತಸ್ರಾವ ಇಲ್ಲದ ರೋಗಿಗೆ ಬರೀ ಸಂಖ್ಯೆ ನೋಡಿ ಪ್ಲೇಟ್‌ಲೆಟ್ ಏರಿಸುವುದಿಲ್ಲ. 20 ಸಾವಿರ ಮತ್ತು ಅದಕ್ಕಿಂತ ಕಡಿಮೆ ಇದ್ದ ವಯಸ್ಕರ ಮೇಲೆ ಸಿಂಗಪುರ, ಮಲೇಷ್ಯಾಗಳಲ್ಲಿ ನಡೆಸಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಮುಂಜಾಗ್ರತೆಗೆಂದು ಏರಿಸಿದ್ದರಿಂದ ರಕ್ತಸ್ರಾವ ತಪ್ಪಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಾಯಿತು. ಒಪ್ಪದ ಡಾಕ್ಟರನ್ನು ಬಿಟ್ಟು ಒಪ್ಪುವವರನ್ನು ಹುಡುಕಿ ಹೊರಟರೆ, ಸೋರಿಕೆಯ ಆ 48 ಗಂಟೆ ಆಂಬುಲೆನ್ಸ್‌ನಲ್ಲಿ ಕಳೆಯುತ್ತದೆ.

ಇನ್ನು ಪಪ್ಪಾಯಿ ಎಲೆ. ಐದನೇ ದಿನ ಖಾಲಿ ಹೊಟ್ಟೆಗೆ ಆ ಕಹಿ ಕುಡಿಸುತ್ತೀರಿ, ಹಸಿರು ವಾಂತಿ ಆಗುತ್ತದೆ. ಈಗ ನನಗೆ ಹೇಳಿ, ಅದು ಕಾಯಿಲೆಯ ವಾಂತಿಯೋ ಎಲೆಯ ವಾಂತಿಯೋ? ಚಾರ್ಟಿನಲ್ಲಿ ನಾನು ಏನೆಂದು ಬರೆಯಲಿ? ಏಳೆಂಟು ದಿನಕ್ಕೆ ಪ್ಲೇಟ್‌ಲೆಟ್ ತಾನಾಗೇ ಏರುತ್ತದೆ, ಹೆಸರು ಎಲೆಗೆ ಹೋಗುತ್ತದೆ. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ, ಕೊಟ್ಟಿದ್ದನ್ನು ಲೋಟದ ಲೆಕ್ಕದಲ್ಲಿ ಬರೆದಿಡಿ, ಮೂತ್ರವನ್ನೂ ಬರೆಯಿರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವೆಂದು ಬೀದಿಕೊನೆಯ 'ಡಾಕ್ಟರ' ಹತ್ತಿರ ಸೊಂಟಕ್ಕೆ ಡೈಕ್ಲೋಫೆನಾಕ್ ಚುಚ್ಚಿಸಿಕೊಂಡು, ಅಂಗೈಯಗಲ ಕಪ್ಪಗೆ ರಕ್ತ ಹೆಪ್ಪುಗಟ್ಟಿಸಿಕೊಂಡು ಬಂದವರನ್ನು ನೋಡಿ ಸಾಕಾಗಿದೆ. ಆ ಮಹಾಶಯರ ಬೋರ್ಡಿನಲ್ಲಿ ಇರುವ ಡಿಗ್ರಿ ಯಾವುದು ಎಂದು ಒಮ್ಮೆಯಾದರೂ ಓದಿದ್ದೀರಾ?

ವಾರ್ಡಿನ ನರ್ಸ್ ಹುಡುಗಿಯರಿಗೆ ಒಂದು ಮಾತು. ಚೇತರಿಕೆ ಶುರುವಾದಾಗ ಸೋರಿದ ನೀರು ರಕ್ತಕ್ಕೆ ವಾಪಸ್ ಬರುತ್ತದೆ. ಆಗಲೂ ಡ್ರಿಪ್ ಹಳೆಯ ವೇಗದಲ್ಲೇ ಓಡುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ರಾತ್ರಿ ಪಾಳಿಯಲ್ಲಿ ರೋಗಿ ದಿಂಬು ಎತ್ತರಿಸಿ ಕೂತಿದ್ದರೆ ಮೊದಲು ಡ್ರಿಪ್ ನೋಡಿ ಡಾಕ್ಟರಿಗೆ ಫೋನ್ ಮಾಡಿ.

ಪ್ರಶ್ನೆ: ಸುಸ್ತಿಗೆ ತಿಂಗಳಿಗೊಂದು ಗ್ಲೂಕೋಸ್ ಬಾಟಲಿ ಹಾಕಿಸಿಕೊಳ್ಳಬಹುದೇ?

ಶೇ 5ರ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಪಾನಕ ಮಾಡಿ ಕುಡಿಯಿರಿ, ದುಡ್ಡು ಉಳಿಸಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಫಿಟ್ಸ್ ಬಂದಾಗ ಕೈಗೆ ಯಾವ ಕಬ್ಬಿಣ ಕೊಡಬೇಕು? ಬೀಗದ ಕೈ ಸಾಕೇ?

ಯಾವುದೂ ಬೇಡ. ಬಾಯಿಗೂ ಏನೂ ತುರುಕಬೇಡಿ. ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108.

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ಉಸಿರಾಟವನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪೇ?

ತಪ್ಪು. ಪೂರ್ತಿ ಒಂದು ನಿಮಿಷ, ನಾಡಿ ಹಿಡಿದ ಕೈ ಹಿಡಿದಂತೆಯೇ ಇರಲಿ, ಇಲ್ಲದಿದ್ದರೆ ರೋಗಿಗೆ ಗೊತ್ತಾಗಿ ಉಸಿರೇ ಬದಲಾಗುತ್ತದೆ. ನೀನು ಕನಿಷ್ಠ ಎಣಿಸುತ್ತಿದ್ದೀಯ ಮಗಳೇ. ನಾನು ತಿದ್ದಿದ ಚಾರ್ಟುಗಳಲ್ಲಿ ಇಡೀ ವಾರ್ಡು 20ರ ವೇಗದಲ್ಲಿ ಉಸಿರಾಡುತ್ತಿತ್ತು.

ಪ್ರಶ್ನೆ: ಡೆಂಗಿಗೆ ಪಪ್ಪಾಯಿ ಎಲೆ ಬೇಡ ಅಂದಿರಿ, ಹಣ್ಣಾದರೂ ಕೊಡಬಹುದೇ?

ಕೊಡಿ. ಹೇಗೆ ಕೊಡುವುದು ಎಂದು ಮತ್ತೆ ಬರೆದು ಕೇಳಬೇಡಿ, ಸಿಪ್ಪೆ ತೆಗೆದು ಕೊಡಿ.