ಚಳಿಗಾಲದಲ್ಲಿ ಹೆಲ್ಸಿಂಕಿಯಿಂದ ತಾಲಿನ್‌ಗೆ ಹಡಗಿನಲ್ಲಿ ಒಂದೇ ದಿನದಲ್ಲಿ ಹೋಗಿ ಬರಬಹುದೇ?

ನೀವು ಮಂಡ್ಯದವರು, ದಂಪತಿ ಇಬ್ಬರೂ ಅರವತ್ತು ದಾಟಿದವರು. ಡಿಸೆಂಬರ್ ಕೊನೆಯಲ್ಲಿ ಹೆಲ್ಸಿಂಕಿಯ ಮಗನ ಮನೆಗೆ ಹೊರಟಿದ್ದೀರಿ. ಅಲ್ಲಿಂದ ಎಸ್ಟೋನಿಯಾದ ತಾಲಿನ್‌ಗೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸಾಗುವುದು ಈ ವಯಸ್ಸಿಗೆ, ಆ ಚಳಿಗೆ ಆಗುವ ಮಾತೇ ಎಂದು ಕೇಳಿದ್ದೀರಿ. ಆಗುತ್ತದೆ. ನಾವು ಮೈಸೂರಿನವರು, ಮಗಳ ಮನೆಯಲ್ಲಿದ್ದಾಗ ಫೆಬ್ರವರಿ ಮೊದಲ ವಾರ ಹೋಗಿ ಬಂದೆವು. ನನಗಾಗ ಅರವತ್ತಮೂರು, ನಮ್ಮ ಯಜಮಾನರಿಗೆ ಅರವತ್ತೆಂಟು. ಚಳಿಗೆ ಹೆದರಬೇಡಿ, ಜಾರುವ ನೆಲಕ್ಕೆ ಹೆದರಿ. ಆ ಕಥೆ ಮುಂದಿದೆ.

ವೀಸಾದ ವಿಷಯ ಸುಲಭ. ಎರಡೂ ದೇಶಗಳು ಷೆಂಗೆನ್ ಒಪ್ಪಂದದೊಳಗಿರುವುದರಿಂದ ಫಿನ್ಲೆಂಡಿಗೆಂದು ಪಡೆದ ಷೆಂಗೆನ್ ವೀಸಾವೇ ಸಾಕು. ಎರಡೂ ಕಡೆ ಯೂರೋ ನಡೆಯುತ್ತದೆ, ಗಡಿಯಾರವನ್ನೂ ತಿರುಗಿಸಬೇಕಾಗಿಲ್ಲ. ಆದರೆ ಪಾಸ್‌ಪೋರ್ಟ್ ಕೈಯಲ್ಲಿರಲೇಬೇಕು. ನಮ್ಮ ಯಜಮಾನರು "ಮೊಬೈಲಿನಲ್ಲಿ ಫೋಟೋ ಇದೆಯಲ್ಲ" ಎಂದು ಬಾಗಿಲು ದಾಟಿಬಿಟ್ಟಿದ್ದರು. ಮಗಳು ಬೈದು ಒಳಗೆ ಕಳಿಸಿದಳು.

ದೂರ ಸುಮಾರು 80 ಕಿಲೋಮೀಟರ್, ಮೈಸೂರಿನಿಂದ ಚನ್ನಪಟ್ಟಣಕ್ಕೆ ಹೋದಷ್ಟು. ಎರಡು ಗಂಟೆಯ ಪಯಣ. ಹಡಗು ಎಂದರೆ ತಲಕಾಡಿನ ಹರಿಗೋಲು ಕಣ್ಣಮುಂದೆ ಬರುವ ನಮ್ಮಂಥವರಿಗೆ ಅದು ಹಡಗು ಅನ್ನಿಸುವುದೇ ಇಲ್ಲ. ನಾವು ಹತ್ತಿದ್ದು ಇನ್ನೂರು ಮೀಟರಿಗೂ ಉದ್ದದ್ದು. ಹೊಟ್ಟೆಯೊಳಗೆ ಲಾರಿಗಳು, ಮೇಲೆ ಅಂಗಡಿ, ಹೋಟೆಲು, ಮಕ್ಕಳ ಆಟದ ಮೂಲೆ. ವಾಂತಿಯ ಭಯವಿದ್ದರೆ ತುದಿಗೆ ಹೋಗದೆ ನಡುಭಾಗದಲ್ಲಿ ಕುಳಿತುಕೊಳ್ಳಿ. ಹಿಂದಿನ ದಿನ ಗಾಳಿಯ ಮುನ್ಸೂಚನೆಯನ್ನು ಮಗನಿಗೆ ನೋಡಲು ಹೇಳಿ. ಬಿರುಗಾಳಿಯ ಮಾತು ಬಂದರೆ ದಿನ ಬದಲಿಸಿ, ಟಿಕೆಟಿನ ಹಣ ಹೋದರೆ ಹೋಗಲಿ.

ನಾನು ಆ ಎರಡು ಗಂಟೆಯಲ್ಲಿ ಅರ್ಧದಷ್ಟು ಕಾಲ ಕಿಟಕಿ ಬಿಟ್ಟು ಕದಲಲಿಲ್ಲ. ಬಂದರು ಬಿಟ್ಟೊಡನೆ ನೀರೇ ಕಾಣಲಿಲ್ಲ, ಬರೀ ಹಿಮದ ಹಾಳೆ. ಒಡೆದ ದೋಸೆಗಳನ್ನು ಒಂದರ ಪಕ್ಕ ಒಂದು ಹರಡಿದ ಹಾಗೆ, ಅಂಚು ಮಾತ್ರ ಬೆಳ್ಳಗೆ ಎದ್ದು ನಿಂತಿತ್ತು. ಹಡಗು ಅದನ್ನು ಸೀಳುವಾಗ ಕೆಳಗಿನಿಂದ ಗಾಣಕ್ಕೆ ಕಬ್ಬಿನ ಜಲ್ಲೆ ಕೊಟ್ಟಂಥ ಸದ್ದು. ಮಂಡ್ಯದವರಿಗೆ ಬೇರೆ ವಿವರಣೆ ಬೇಡ. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಬಹಳ ಕಡಿಮೆ, ಅದಕ್ಕೇ ಅಷ್ಟು ಬೇಗ ಹೆಪ್ಪುಗಟ್ಟುತ್ತದಂತೆ. ನೀವು ಹೋಗುವ ಹೊತ್ತಿಗೆ ಇದು ಸಾಮಾನ್ಯವಾಗಿ ಇರುವುದಿಲ್ಲ, ಜನವರಿ ಕಳೆಯಬೇಕು. ಅದರ ಬದಲು ತಾಲಿನ್‌ನ ಪುರಭವನದ ಚೌಕದಲ್ಲಿ ಕ್ರಿಸ್‌ಮಸ್ ಸಂತೆ ಸಿಗಬಹುದು. 24, 25ನೇ ತಾರೀಖು ಮಾತ್ರ ಬೇಡ. ಆ ದಿನಗಳಲ್ಲಿ ಹಡಗುಗಳು ಕಡಿಮೆ, ಬಹಳಷ್ಟು ಅಂಗಡಿಗಳ ಬಾಗಿಲು ಹಾಕಿರುತ್ತದೆ.

ಡಿಸೆಂಬರ್‌ನಲ್ಲಿ ಸೂರ್ಯ ಒಂಬತ್ತರ ಮೇಲೆ ಎದ್ದು ಮೂರೂಕಾಲಿನ ಸುಮಾರಿಗೆ ಮುಳುಗುತ್ತಾನೆ, ಎದ್ದರೂ ಮೋಡದ ಹಿಂದೆಯೇ. ಆದ್ದರಿಂದ ಅಗ್ಗವೆಂದು ಹತ್ತೂವರೆಯ ಹಡಗು ಹಿಡಿದರೆ ಊರು ನೋಡುವ ಹೊತ್ತಿಗೆ ದೀಪ ಹಚ್ಚಿರುತ್ತಾರೆ. ಏಳೂವರೆಯ ಸುಮಾರಿನದಕ್ಕೆ ಹೋಗಿ. ಕತ್ತಲಲ್ಲಿ ಹೊರಟು ಬೆಳಕಿನಲ್ಲಿ ಇಳಿಯುತ್ತೀರಿ.

ಬಂದರಿನಿಂದ ಹಳೆಯ ಪಟ್ಟಣಕ್ಕೆ ಸುಮಾರು ಇಪ್ಪತ್ತು ನಿಮಿಷದ ನಡಿಗೆ. ಯುನೆಸ್ಕೊ ಪಟ್ಟಿಗೆ 1997ರಲ್ಲಿ ಸೇರಿದ ಊರು ಅದು, ಕೋಟೆಗೋಡೆ, ಬುರುಜುಗಳೆಲ್ಲ ಇನ್ನೂ ನಿಂತಿವೆ. ಚೌಕದ ಮೂಲೆಯ ಔಷಧದ ಅಂಗಡಿಯ ಹೆಸರು 1422ರ ದಾಖಲೆಯಲ್ಲೇ ಇದೆ, ಇಂದಿಗೂ ಅಲ್ಲಿ ಮಾತ್ರೆ ಮಾರುತ್ತಾರೆ. 1912ರಲ್ಲಿ ಮುಗಿದ ನಮ್ಮ ಅರಮನೆಯನ್ನು 'ಹಳೇದು' ಎನ್ನುವ ನಮಗೆ ಸ್ವಲ್ಪ ನಾಚಿಕೆಯಾಯಿತು. ಒಳಗೆ ಹಿಂದಿನ ಕಾಲದ ಮದ್ದುಗಳನ್ನೂ ಇಟ್ಟಿದ್ದಾರೆ: ಬಾವಲಿಯ ಪುಡಿ, ಸುಟ್ಟ ಜೇನುಹುಳು. ನೋಡಿದ ಮೇಲೆ ಯಜಮಾನರು ನನ್ನ ಮೆಣಸಿನ ಕಷಾಯದ ಬಗ್ಗೆ ದೂರುವುದನ್ನು ಬಿಟ್ಟಿದ್ದಾರೆ.

ಚೌಕದ ಕಡೆಯಿಂದ ಗುಡ್ಡದ ಮೇಲಿನ ತೂಂಪೆಯಾಗೆ ಹೋಗಲು ಎರಡು ಹಳೆಯ ದಾರಿಗಳು. ಅವುಗಳ ಹೆಸರೇ 'ಉದ್ದ ಕಾಲು', 'ಗಿಡ್ಡ ಕಾಲು'. ಒಂದು ಕಾಲು ಗಿಡ್ಡವಾದ್ದರಿಂದ ನಮ್ಮ ಊರು ಕುಂಟುತ್ತದೆ ಎಂದು ಅಲ್ಲಿಯವರು ತಮಾಷೆ ಮಾಡುತ್ತಾರೆ. ಆ ದಿನ ಕುಂಟಿದವಳು ನಾನು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾಲ್ಕು ವರ್ಷ ನಡೆದ ಬೂಟನ್ನೇ ಹಾಕಿಕೊಂಡು ಹೋಗಿದ್ದೆ. ಗುಂಡುಗಲ್ಲಿನ ಇಳಿಜಾರು, ಮೇಲೆ ಗಾಜಿನಂಥ ತೆಳು ಹಿಮ. ಕಾಲು ಹೋದದ್ದೇ ಗೊತ್ತಾಗಲಿಲ್ಲ, ಕುಳಿತ ಮೇಲೆ ಗೊತ್ತಾಯಿತು. ನನ್ನ ಹಿಂದೆ ಬರುತ್ತಿದ್ದ ಒಬ್ಬ ಅಜ್ಜಿ, ಎಂಬತ್ತರ ಹತ್ತಿರದವರು, ಎಬ್ಬಿಸಿ ನಿಲ್ಲಿಸಿ ತಮ್ಮ ಬೂಟನ್ನು ಎತ್ತಿ ತೋರಿಸಿದರು. ಅಡಿಯಲ್ಲಿ ರಬ್ಬರ್ ಪಟ್ಟಿ, ಅದರ ತುಂಬ ಸಣ್ಣ ಕಬ್ಬಿಣದ ಮುಳ್ಳು. ಹೆಲ್ಸಿಂಕಿಯ ಅಂಗಡಿಗಳಲ್ಲಿ ಅದು ಸಿಗುತ್ತದೆ, ಯಾವ ಬೂಟಿಗಾದರೂ ಎಳೆದು ಸಿಕ್ಕಿಸಬಹುದು. ಅರಸು ರಸ್ತೆಯಲ್ಲಿ ಸ್ವೆಟರಿಗೆ ಸುರಿಯುವ ಹಣವನ್ನು ಉಳಿಸಿ ಇದನ್ನು ಕೊಳ್ಳಿ. ಒಳಗೆ ತೆಳುವಾದ ಎರಡು ಪದರ, ಮೇಲೆ ಗಾಳಿ ತಡೆಯುವ ಕೋಟು ಇದ್ದರೆ ಚಳಿಗೆ ಸಾಕು. ಕೋಟನ್ನು ಮಗನ ಹತ್ತಿರ ಕೇಳಿ ಪಡೆಯಿರಿ.

ಊಟಕ್ಕೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆವು, ಹಡಗಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಹಳೆಯ ಪಟ್ಟಣದ ಬೀದಿಯಲ್ಲಿ ಸಕ್ಕರೆ, ಮಸಾಲೆ ಹಾಕಿ ಹುರಿದ ಬಿಸಿ ಬಾದಾಮಿ ಮಾರುತ್ತಾರೆ. ಒಂದು ಪೊಟ್ಟಣ ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡರೆ ಕೈಯೂ ಬೆಚ್ಚಗಿರುತ್ತದೆ.

ವಾಪಸ್ ಹಡಗಿಗೆ ಮುಂಚಿತವಾಗಿಯೇ ಹೋಗಿ ಕುಳಿತುಕೊಳ್ಳುವ ಜಾಗ ಹಿಡಿಯಿರಿ. ಎಸ್ಟೋನಿಯಾದಲ್ಲಿ ಮದ್ಯ ಅಗ್ಗ, ಹಾಗಾಗಿ ಫಿನ್ಲೆಂಡಿನವರು ನಂಜನಗೂಡಿನಿಂದ ರಸಬಾಳೆ ತರುವಷ್ಟೇ ಸಹಜವಾಗಿ ಕೈಗಾಡಿಯಲ್ಲಿ ಬಿಯರ್ ಪೆಟ್ಟಿಗೆಗಳನ್ನು ಪೇರಿಸಿಕೊಂಡು ಬರುತ್ತಾರೆ. ಆ ಗಾಡಿಗಳ ದಾರಿಗೆ ಮಾತ್ರ ಅಡ್ಡ ನಿಲ್ಲಬೇಡಿ.