ಟಿಕೆಟ್ ಇಲ್ಲದ ಕಲಾಮನೆಗೆ ಎಷ್ಟು ದಿನ ಬೇಕು?

ಪ್ರಶ್ನೆ: ಅಕ್ಕ, ಡಿಸೆಂಬರ್‌ನಲ್ಲಿ ಘಾನಾಕ್ಕೆ ಹೋಗುತ್ತಿದ್ದೇನೆ. ಅಣ್ಣ ಅಕ್ರಾದಲ್ಲಿ ಕೆಲಸದಲ್ಲಿದ್ದಾನೆ, ಹಾಗಾಗಿ ಅಲ್ಲಿ ಉಳಿಯುವ ಖರ್ಚಿಲ್ಲ. ಉತ್ತರದ ತಮಾಲೆ ಊರಿನಲ್ಲಿ ಕಲಾವಿದ ಇಬ್ರಾಹಿಂ ಮಹಾಮಾ ಕಟ್ಟಿಸಿದ ರೆಡ್ ಕ್ಲೇ ಎಂಬ ಕಲಾಮನೆ ಬಗ್ಗೆ ನೀವು ಹಿಂದೊಮ್ಮೆ ಎರಡು ಸಾಲು ಬರೆದಿದ್ದಿರಿ. ಅದನ್ನು ನೋಡಲೇಬೇಕು ಅಂತ ಆಸೆ. ಆದರೆ ಕೈಯಲ್ಲಿ ದುಡ್ಡು ಕಡಿಮೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದರೆ ರೂಮಿನ ಬಾಡಿಗೆ ಉಳಿಯುತ್ತದೆ, ಅಲ್ವಾ?
— ಚಿತ್ರಕಲಾ ವಿದ್ಯಾರ್ಥಿನಿ

ಉತ್ತರ: ಉಳಿಯುತ್ತದೆ. ಅಕ್ರಾದಿಂದ ತಮಾಲೆಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ಹಾಗಾಗಿ ನೀವು ಹೇಳಿದಂತೆ ಮಾಡಬಹುದು. ಆದರೆ ದಯವಿಟ್ಟು ಮಾಡಬೇಡಿ. ವಿಮಾನದ ಟಿಕೆಟ್ಟಿಗೆ ಕೊಡುವ ದುಡ್ಡಿನಲ್ಲಿ ಬಸ್ಸಿನಲ್ಲಿ ಹೋಗಿ, ತಮಾಲೆಯಲ್ಲಿ ಸಾಧಾರಣ ರೂಮಿನಲ್ಲಿ ಮೂರು ರಾತ್ರಿ ಇರಿ. ರೆಡ್ ಕ್ಲೇಗೆ ಪ್ರವೇಶ ಉಚಿತ. ಟಿಕೆಟ್ ಇಲ್ಲ ಅಂದರೆ ಎರಡು ಸಲ ಹೋದರೂ ಖರ್ಚು ಅಷ್ಟೇ. ನಾನು ನಿಮಗೆ ಹೇಳಬೇಕೆಂದಿರುವುದು ಇದೊಂದೇ: ಎರಡು ಸಲ ಹೋಗಿ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಮೊದಲ ದಿನ ಹೋದಾಗ ಮಟಮಟ ಮಧ್ಯಾಹ್ನ. ಎರಡು ಗಂಟೆಯಲ್ಲಿ ಎಲ್ಲ ಸುತ್ತಿ, ನೂರಾರು ಫೋಟೋ ತೆಗೆದು ರೂಮಿಗೆ ಬಂದೆ. ರಾತ್ರಿ ಫೋಟೋ ನೋಡುತ್ತಾ ಕೂತಾಗ ಬೇಸರವಾಯಿತು. ಒಂದು ಕಡೆಯೂ ಐದು ನಿಮಿಷ ಸುಮ್ನೆ ಕೂತಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಬೇಗ ಮತ್ತೆ ಹೋದೆ. ನನಗೆ ರೆಡ್ ಕ್ಲೇ ಸಿಕ್ಕಿದ್ದು ಅವತ್ತು.

ಅಲ್ಲಿ ಏನಿದೆ ಅಂತ ಸ್ವಲ್ಪ ಹೇಳುತ್ತೇನೆ. ಮಹಾಮಾ ಹುಟ್ಟಿದ್ದು 1987ರಲ್ಲಿ, ತಮಾಲೆಯಲ್ಲೇ. ಓದಿದ್ದು ಕುಮಾಸಿಯ ವಿಶ್ವವಿದ್ಯಾಲಯದಲ್ಲಿ. 2015ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಕಲಾಪ್ರದರ್ಶನದಲ್ಲಿ ಉದ್ದನೆಯ ಗೋಡೆಗಳ ತುಂಬಾ ಗೋಣಿಚೀಲ ಹೊದಿಸಿದಾಗ ಜಗತ್ತಿನ ಕಣ್ಣು ಅವರ ಮೇಲೆ ಬಿತ್ತು. ಕಲಾಕೃತಿ ಮಾರಿ ಬಂದ ಹಣವನ್ನು ಅವರು ತಮ್ಮ ಊರಿಗೇ ಸುರಿದರು. 2019ರಲ್ಲಿ ಸವನ್ನಾ ಸೆಂಟರ್ ಫಾರ್ ಕಾಂಟೆಂಪರರಿ ಆರ್ಟ್, ಆಮೇಲೆ ಊರ ಹೊರಗೆ ಜನಾ ಕ್ಪೆಂಗ್ ಎಂಬಲ್ಲಿ ರೆಡ್ ಕ್ಲೇ, 2021ರಲ್ಲಿ ಎನ್‌ಕ್ರುಮಾ ವೊಲಿನಿ. ಹೀಗೆ ಮೂರು ಜಾಗ ಕಟ್ಟಿದರು. ಮೂರನೆಯದು ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಕಾಲದಲ್ಲಿ ಶುರುವಾದ ಧಾನ್ಯದ ಕಣಜ. 1966ರಲ್ಲಿ ಅವರ ಸರ್ಕಾರ ಉರುಳಿತು, ಕಣಜದ ಕೆಲಸ ಅರ್ಧಕ್ಕೆ ನಿಂತಿತು. ಅದನ್ನು ಮಹಾಮಾ ಕೊಂಡುಕೊಂಡರು. ಒಳಗೆ ಬಾವಲಿಗಳು ಮನೆ ಮಾಡಿಕೊಂಡಿದ್ದವು, ಅವನ್ನು ಓಡಿಸಲಿಲ್ಲ. ಈ ಮಾತು ಕೇಳಿಯೇ ನನಗೆ ಆ ಮನುಷ್ಯನ ಮೇಲೆ ಪ್ರೀತಿ ಬಂತು.

ರೆಡ್ ಕ್ಲೇ ಹೆಸರಿಗೆ ತಕ್ಕಂತೆ ಕೆಂಪು ಮಣ್ಣು, ಕೆಂಪು ಇಟ್ಟಿಗೆ. ಬಯಲಿನಲ್ಲಿ ಹಳೆಯ ವಿಮಾನಗಳು ನಿಂತಿವೆ. ಹಾರುವುದನ್ನು ಬಿಟ್ಟ ಮೇಲೆ ಅವು ಮಕ್ಕಳ ತರಗತಿಗಳಾಗಿವೆ. ಇನ್ನೊಂದು ಕಡೆ ರೈಲಿನ ಹಳೆಯ ಗಾಡಿಗಳು. ಇವುಗಳ ಮುಂದೆ ಜಾಸ್ತಿ ಹೊತ್ತು ನಿಲ್ಲಿ. ಬ್ರಿಟಿಷರು ಘಾನಾದಲ್ಲಿ ರೈಲು ಹಾಕಿದ್ದು ಚಿನ್ನ ಮತ್ತು ಕೋಕೋ ಸಾಗಿಸಲು. ಕರಾವಳಿಯ ಸೆಕೊಂಡಿಯಿಂದ ಹೊರಟ ಹಳಿ 1903ರ ಹೊತ್ತಿಗೆ ಕುಮಾಸಿ ತಲುಪಿತು. ಉತ್ತರಕ್ಕೆ ಬರಲೇ ಇಲ್ಲ. ಗಣಿ ಕೆಲಸಕ್ಕೆ ಉತ್ತರದ ಜನ ಬೇಕಿತ್ತು, ಉತ್ತರಕ್ಕೆ ರೈಲು ಬೇಕಿರಲಿಲ್ಲ. ಆ ರೈಲುಗಾಡಿಗಳನ್ನು ಮಹಾಮಾ ರಸ್ತೆ ಮೇಲೆ ಹೊರಿಸಿಕೊಂಡು ತಮಾಲೆಗೆ ತಂದರು. ಹಳಿಯೇ ಇಲ್ಲದ ಊರಿನ ಮಕ್ಕಳು ಅದರ ಮೆಟ್ಟಿಲು ಹತ್ತಿ ಇಳಿಯುವುದನ್ನು ನೋಡುತ್ತಾ ನಿಂತಾಗ ನನ್ನ ಗಂಟಲು ಕಟ್ಟಿತು.

ಹೋಗುವ ದಾರಿಯನ್ನೂ ಹೇಳಿಬಿಡುತ್ತೇನೆ. ಅಕ್ರಾದಿಂದ ತಮಾಲೆ ಸುಮಾರು 600 ಕಿಲೋಮೀಟರ್. ಬಸ್ಸಿನಲ್ಲಿ ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ರಾತ್ರಿ ಬಸ್ಸು ಹತ್ತಿದರೆ ಒಂದು ರೂಮಿನ ಖರ್ಚು ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಅದು ಇಕ್ಕಟ್ಟಾದ ಹೆದ್ದಾರಿ, ಲಾರಿ ಓಡಾಟ ಜಾಸ್ತಿ, ಕತ್ತಲಲ್ಲಿ ಅಪಘಾತದ ಭಯ ಇದ್ದೇ ಇದೆ. ಹಗಲು ಕುಮಾಸಿವರೆಗೆ ಹೋಗಿ, ಅಲ್ಲೊಂದು ರಾತ್ರಿ ಇದ್ದು, ಮರುದಿನ ಬೆಳಿಗ್ಗೆ ಮುಂದಕ್ಕೆ ಹೊರಡಿ. ಕಿಟಕಿ ಪಕ್ಕ ಕೂತರೆ ದಟ್ಟ ಹಸಿರು ನಿಧಾನವಾಗಿ ಒಣ ಹುಲ್ಲುಗಾವಲಾಗುವುದು ಕಾಣುತ್ತದೆ. ಬುಯಿಪೆ ಬಳಿ ಕಪ್ಪು ವೋಲ್ಟಾ, ಯಾಪೆಯಿ ಬಳಿ ಬಿಳಿ ವೋಲ್ಟಾ, ಎರಡೂ ನದಿ ದಾಟುತ್ತೀರಿ. ದಕ್ಷಿಣ ಮತ್ತು ಉತ್ತರದ ಅಂತರ ಎಷ್ಟು ಅಂತ ಗೊತ್ತಾಗಿದ್ದರೆ ಆ ರೈಲುಗಾಡಿ ಬೇರೆಯೇ ರೀತಿ ಕಾಣುತ್ತದೆ.

ತಮಾಲೆ ಒಳಗೆ ಓಡಾಡಲು ಹಳದಿ ಬಣ್ಣದ ಆಟೋಗಳಿವೆ. ಜನ ಅವನ್ನು ಯೆಲ್ಲೋ ಯೆಲ್ಲೋ ಅನ್ನುತ್ತಾರೆ. ಊರೊಳಗೆ ನಾಲ್ಕೈದು ಜನ ಹಂಚಿಕೊಂಡು ಹೋದರೆ ಬಹಳ ಅಗ್ಗ. ರೆಡ್ ಕ್ಲೇ ಊರ ಹೊರಗಿದೆ, ಅಲ್ಲಿಂದ ವಾಪಸ್ ಬರಲು ಖಾಲಿ ಗಾಡಿ ಸುಲಭಕ್ಕೆ ಸಿಗುವುದಿಲ್ಲ. ಹೋಗುವಾಗಲೇ ಚಾಲಕನ ಜೊತೆ ಎರಡೂ ಕಡೆಯ ಬಾಡಿಗೆ ಮಾತಾಡಿ, ಎಷ್ಟು ಗಂಟೆಗೆ ಬರಬೇಕು ಅಂತ ಹೇಳಿ, ಫೋನ್ ನಂಬರ್ ತೆಗೆದುಕೊಳ್ಳಿ. ಸೆಡಿ ಅಂದರೆ ಘಾನಾದ ಹಣ, ಅದನ್ನು ಚಿಲ್ಲರೆಯಾಗಿ ಇಟ್ಟುಕೊಂಡಿರಿ.

ನೀರು ಮರೆಯಬೇಡಿ. ಅಲ್ಲಿ ಅರ್ಧ ಲೀಟರಿನ ಪ್ಲಾಸ್ಟಿಕ್ ಪೊಟ್ಟಣದಲ್ಲಿ ನೀರು ಮಾರುತ್ತಾರೆ, ಪ್ಯೂರ್ ವಾಟರ್ ಅಂತ ಕರೆಯುತ್ತಾರೆ. ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಕುಡಿಯಬೇಕು. ಬಾಟಲಿ ನೀರಿಗಿಂತ ಎಷ್ಟೋ ಅಗ್ಗ. ಖಾಲಿ ಪೊಟ್ಟಣವನ್ನು ಮಾತ್ರ ಚೀಲದಲ್ಲೇ ಇಟ್ಟುಕೊಂಡು ತಮಾಲೆಗೆ ವಾಪಸ್ ತನ್ನಿ.

ಡಿಸೆಂಬರ್ ಒಳ್ಳೆಯ ತಿಂಗಳು. ಮಳೆ ಇರುವುದಿಲ್ಲ. ಆದರೆ ಸಹಾರಾ ಕಡೆಯಿಂದ ಹರ್ಮಟ್ಟಾನ್ ಗಾಳಿ ಬೀಸುತ್ತದೆ. ಆಕಾಶವೆಲ್ಲ ಧೂಳು, ತುಟಿ ಒಡೆಯುತ್ತದೆ, ಬೆಳಗಿನ ಹೊತ್ತು ಚಳಿ. ತಮಾಲೆ ಮಾರುಕಟ್ಟೆಯಲ್ಲಿ ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆ ಸಿಗುತ್ತದೆ, ಸ್ವಲ್ಪ ಕೊಂಡು ತುಟಿಗೆ, ಕೈಗೆ ಹಚ್ಚಿಕೊಳ್ಳಿ. ಮಾರ್ಚ್, ಏಪ್ರಿಲ್‌ನಲ್ಲಿ ಹೋಗುವವರಿಗೆ ಮಾತ್ರ ಒಂದು ಮಾತು: ಆ ಬಿಸಿಲು ತಡೆಯುವುದು ಕಷ್ಟ.

ಇನ್ನು ಉಳಿಸಲೇಬಾರದ ಖರ್ಚು ಒಂದಿದೆ. ಘಾನಾಕ್ಕೆ ಹೋಗಲು ಹಳದಿ ಜ್ವರದ ಲಸಿಕೆ ಕಡ್ಡಾಯ. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಹಾಕಿಸಿಕೊಂಡು ಪ್ರಮಾಣಪತ್ರ ಪಡೆಯಿರಿ. ಆ ಪುಟ್ಟ ಪುಸ್ತಕ ವಾಪಸ್ ಭಾರತಕ್ಕೆ ಇಳಿಯುವಾಗಲೂ ಬೇಕು, ಇಲ್ಲದಿದ್ದರೆ ಪ್ರತ್ಯೇಕವಾಗಿ ಇರಿಸುತ್ತಾರೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಮಲೇರಿಯಾ ಮಾತ್ರೆ ಬಗ್ಗೆಯೂ ಅದೇ ದಿನ ವೈದ್ಯರನ್ನು ಕೇಳಿ.

ಪ್ರಶ್ನೆ: ಗೋಣಿಚೀಲ ಹೊಲಿದು ಗೋಡೆಗೆ ಹಾಕಿದರೆ ಅದು ಕಲೆ ಹೇಗಾಗುತ್ತದೆ? ಜಗಳಕ್ಕೆ ಕೇಳುತ್ತಿಲ್ಲ ಮೇಡಂ, ನಿಜವಾಗಿಯೂ ಅರ್ಥ ಮಾಡಿಕೊಳ್ಳಬೇಕು. ಮಗಳು ಇಂಥ ಕಲೆಯನ್ನೇ ಓದುತ್ತಿದ್ದಾಳೆ.
— ನಿವೃತ್ತ ಲೆಕ್ಕಪರಿಶೋಧಕರು

ಉತ್ತರ: ನೀವು ಕೇಳಿದ್ದು ತುಂಬಾ ಸಂತೋಷ. ಲೆಕ್ಕ ನೋಡಿದವರು ನೀವು, ಒಂದು ಚೀಲದ ಲೆಕ್ಕವನ್ನೇ ತೆಗೆದುಕೊಳ್ಳೋಣ.

ಈ ಸೆಣಬಿನ ಚೀಲ ಏಷ್ಯಾದಲ್ಲಿ ತಯಾರಾಗುತ್ತದೆ. ಘಾನಾದ ಕೋಕೋ ಮಂಡಳಿ ತರಿಸಿಕೊಂಡು ಕೋಕೋ ಬೀಜ ತುಂಬುತ್ತದೆ. ಕೋಕೋ ಕೆಲಸ ಮುಗಿದ ಚೀಲಕ್ಕೆ ಆಮೇಲೆ ಅಕ್ಕಿ, ಜೋಳ ಬೀಳುತ್ತದೆ. ಇನ್ನೂ ಹಳತಾದರೆ ಇದ್ದಿಲು. ಒಬ್ಬ ವ್ಯಾಪಾರಿಯಿಂದ ಇನ್ನೊಬ್ಬರಿಗೆ ಹೋಗುವಾಗ ಪ್ರತಿಯೊಬ್ಬರೂ ತಮ್ಮ ಗುರುತು ಬರೆಯುತ್ತಾರೆ, ಹರಿದಲ್ಲಿ ತೇಪೆ ಹಾಕುತ್ತಾರೆ. ಮಹಾಮಾ ಹೊಸ ಚೀಲ ಕೊಟ್ಟು ಇಂಥ ಹಳೆಯ ಚೀಲ ತೆಗೆದುಕೊಳ್ಳುತ್ತಾರೆ. ಆಮೇಲೆ ಹತ್ತಾರು ಜನ ಕೂತು ಅವನ್ನು ಕೈಯಲ್ಲಿ ಹೊಲಿಯುತ್ತಾರೆ. ಹೊಲಿಯುವವರಲ್ಲಿ ಬಹಳಷ್ಟು ಜನ ಕೂಲಿ ಹುಡುಕಿಕೊಂಡು ಉತ್ತರದಿಂದ ದಕ್ಷಿಣಕ್ಕೆ ಬಂದವರು. ಅವರಲ್ಲಿ ಕೆಲವು ಹೆಣ್ಣುಮಕ್ಕಳ ಮುಂಗೈ ಮೇಲೆ ಹೆಸರು, ಊರಿನ ಹಚ್ಚೆ ಇರುತ್ತದೆ. ದೂರದ ಊರಿನಲ್ಲಿ ಏನಾದರೂ ಆದರೆ ಯಾರ ಮಗಳು ಅಂತ ಗೊತ್ತಾಗಲಿ ಅಂತ. ಮಹಾಮಾ ಆ ಕೈಗಳ ಫೋಟೋವನ್ನೂ ತೆಗೆದಿದ್ದಾರೆ.

ನಾನು ಅಂಥ ಒಂದು ಹೊದಿಕೆಯ ಹತ್ತಿರ, ಒಂದು ಗೇಣು ದೂರದಲ್ಲಿ ನಿಂತು ನೋಡಿದೆ. ಮೇಲೆ ಮಾಸಿದ ಅಕ್ಷರದಲ್ಲಿ ‘ಪ್ರೊಡ್ಯೂಸ್ ಆಫ್ ಘಾನಾ’. ಅದರ ಕೆಳಗೆ ನೀಲಿ ಬಣ್ಣದಲ್ಲಿ ಯಾರದೋ ಎರಡಕ್ಷರದ ಗುರುತು. ಪಕ್ಕದಲ್ಲಿ ಅಂಗೈ ಅಗಲದ ತೂತಿಗೆ ಬೇರೆ ಬಟ್ಟೆಯ ತೇಪೆ, ಆ ತೇಪೆಯೂ ಸವೆದು ಮೇಲೊಂದು ತೇಪೆ. ದಾರದ ಎಳೆಗಳ ನಡುವೆ ಇದ್ದಿಲಿನ ಪುಡಿ. ಗಾಳಿ ಬೀಸಿದಾಗ ಕೋಣೆ ತುಂಬಾ ಹಳೇ ಗೋದಾಮಿನ ವಾಸನೆ. ಒಂದು ದೇಶದ ಬೆವರು ಎಲ್ಲೆಲ್ಲಿ ಹೋಗಿ ಯಾರ ಕೈ ಸೇರಿತು ಅನ್ನುವ ಲೆಕ್ಕದ ಪುಸ್ತಕ ನನ್ನ ಮುಂದೆ ತೂಗುತ್ತಿತ್ತು. ಇದನ್ನು ಬಣ್ಣದಲ್ಲಿ ಬರೆದಿದ್ದರೆ ಇಷ್ಟು ತಟ್ಟುತ್ತಿರಲಿಲ್ಲ ಅಂತ ನನಗೆ ಅನ್ನಿಸಿತು. ಮಗಳ ಜೊತೆ ಈ ಚೀಲದ ಮಾತು ಎತ್ತಿ ನೋಡಿ. ಅವಳು ನಿಮಗೆ ಇನ್ನೂ ಹತ್ತು ವಿಷಯ ಹೇಳುತ್ತಾಳೆ.

ಪ್ರಶ್ನೆ: ನಾನು ಮಾಂಸ, ಮೀನು ತಿನ್ನುವುದಿಲ್ಲ. ತಮಾಲೆಯಂಥ ಊರಿನಲ್ಲಿ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬುತ್ತದೆಯೇ?

ಉತ್ತರ: ತುಂಬುತ್ತದೆ. ಬೆಳಿಗ್ಗೆ ರಸ್ತೆ ಬದಿಯಲ್ಲಿ ಸಜ್ಜೆಯ ಗಂಜಿ ಸಿಗುತ್ತದೆ, ಹೆಸರು ಕೊಕೊ (ಚಾಕೊಲೇಟಿನ ಕೋಕೋ ಅಲ್ಲ). ಜೊತೆಗೆ ಅಲಸಂದೆ ರುಬ್ಬಿ ಎಣ್ಣೆಯಲ್ಲಿ ಕರಿದ ಕೋಸೆ. ನಾನು ಮೂರೂ ದಿನ ಅದನ್ನೇ ತಿಂದೆ. ಮಧ್ಯಾಹ್ನಕ್ಕೆ ವಾಚೆ ಕೇಳಿ. ಅಕ್ಕಿ ಮತ್ತು ಕಾಳನ್ನು ಜೋಳದ ಎಲೆಯ ಜೊತೆ ಬೇಯಿಸುತ್ತಾರೆ, ಅದಕ್ಕೇ ಅನ್ನ ಕೆಂಪಗಿರುತ್ತದೆ. ಆದರೆ ಬಡಿಸುವಾಗ ಮೇಲೆ ಕಪ್ಪಗಿನ ಶಿಟೊ ಚಟ್ನಿ ಹಾಕುತ್ತಾರೆ. ಅದರಲ್ಲಿ ಒಣ ಮೀನು, ಸಿಗಡಿ ಪುಡಿ ಇರುತ್ತದೆ. ಸೌಟು ಎತ್ತುವ ಮೊದಲೇ ಬೇಡ ಅಂತ ಹೇಳಿ. ಸಾರುಗಳಲ್ಲೂ ಮೀನಿನ ಪುಡಿ ಬೀಳುವುದು ಸಾಮಾನ್ಯ, ಕೇಳದೆ ತಿನ್ನಬೇಡಿ. ಬಾಳೆಕಾಯಿ, ಗೆಣಸು, ಕಡಲೆಕಾಯಿಗೆ ಬರವಿಲ್ಲ. ದುಡ್ಡು ಕೊಡುವುದು, ತಟ್ಟೆ ತೆಗೆದುಕೊಳ್ಳುವುದು ಎಲ್ಲ ಬಲಗೈಯಲ್ಲೇ.

ಪ್ರಶ್ನೆ: ರೆಡ್ ಕ್ಲೇಯಲ್ಲಿ ಶಾಲಾ ಮಕ್ಕಳು ಜಾಸ್ತಿ ಇರುತ್ತಾರಂತೆ. ಅವರಿಗೆ ಹಂಚಲು ಪೆನ್ನು, ಚಾಕೊಲೇಟ್ ಒಯ್ಯಲೇ?

ಉತ್ತರ: ನಿಮ್ಮ ಮನಸ್ಸು ದೊಡ್ಡದು. ಆದರೂ ಬೇಡ. ಆ ಮಕ್ಕಳು ಅಲ್ಲಿಗೆ ಬರುವುದು ನಮ್ಮ ಹಾಗೆಯೇ, ಕಲೆ ನೋಡಲು. ಅದು ಅವರದೇ ಜಾಗ, ನಾವು ನೆಂಟರು. ಪೆನ್ನು ಹಂಚಲು ನಿಂತರೆ ಅವರ ಕಣ್ಣು ವಿಮಾನದಿಂದ ನಮ್ಮ ಚೀಲದ ಕಡೆಗೆ ತಿರುಗುತ್ತದೆ. ಕೊಡಲೇಬೇಕು ಅನ್ನಿಸಿದರೆ ಅಲ್ಲಿನ ಕೆಲಸಗಾರರ ಹತ್ತಿರ ಏನು ಬೇಕು ಅಂತ ಕೇಳಿ. ಜೊತೆಗೆ ಬಂದು ಜಾಗ ತೋರಿಸಿದವರಿಗೆ ಹೊರಡುವಾಗ ಕೈಲಾದಷ್ಟು ಕೊಡಿ. ಟಿಕೆಟ್ ಇಲ್ಲ ಅಂದಮೇಲೆ ಅಷ್ಟಾದರೂ ಕೊಡುವುದು ನ್ಯಾಯ.

ಮಕ್ಕಳ ಮುಖದ ಫೋಟೋವನ್ನು ಕೇಳದೆ ತೆಗೆಯಬೇಡಿ. ಬದಲಿಗೆ ಅಲ್ಲಿನ ದಗ್ಬಾನಿ ಭಾಷೆಯಲ್ಲಿ ನಮಸ್ಕಾರ ಹೇಳುವುದು ಕಲಿಯಿರಿ. ಬೆಳಿಗ್ಗೆ ‘ದಸಿಬಾ’ ಅನ್ನಬೇಕು. ಅವರು ‘ನಾ’ ಅಂತ ಎಳೆದು ಉತ್ತರ ಕೊಡುತ್ತಾರೆ. ನನಗೆ ಇದನ್ನು ಹೇಳಿಕೊಟ್ಟಿದ್ದು ಏಳೆಂಟು ವರ್ಷದ ಒಬ್ಬ ಹುಡುಗಿ. ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆಯಲ್ಲಿ ಕಟ್ಟಿದ ಒಂದು ಸಭಾಂಗಣ ಇದೆ, ಪಾರ್ಲಿಮೆಂಟ್ ಆಫ್ ಘೋಸ್ಟ್ಸ್ ಅಂತ. 2019ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಘಾನಾ ರೈಲಿನ ಹಳೆಯ ಸೀಟುಗಳಿಂದ ಮಹಾಮಾ ಇದೇ ಹೆಸರಿನ ಕೃತಿ ಮಾಡಿದ್ದರು, ತಮಾಲೆಯಲ್ಲಿ ಅದು ಖಾಯಂ ಕಟ್ಟಡವಾಗಿದೆ. ಅದರ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು, ನಾನು ಸರಿಯಾಗಿ ಹೇಳುವವರೆಗೂ ಅವಳು ಬಿಡಲಿಲ್ಲ.

ಪ್ರಶ್ನೆ: ತಮಾಲೆವರೆಗೆ ಹೋಗಲು ಆಗದಿದ್ದರೆ ಅಕ್ರಾದಲ್ಲೇ ದುಡ್ಡಿಲ್ಲದೆ ಏನು ನೋಡಬಹುದು?

ಉತ್ತರ: ಈಸ್ಟ್ ಲೆಗೋನ್‌ನ ಕಲಾಕೇಂದ್ರ ನುಬುಕೆ ಫೌಂಡೇಶನ್‌ನಿಂದ ಶುರು ಮಾಡಿ, 2006ರಿಂದ ನಡೆಯುತ್ತಿದೆ. ಕರಾವಳಿ ರಸ್ತೆಯಲ್ಲಿ ಹಿರಿಯ ಕಲಾವಿದ ಅಬ್ಲಾಡೆ ಗ್ಲೋವರ್ ಕಟ್ಟಿದ ಆರ್ಟಿಸ್ಟ್ಸ್ ಅಲಯನ್ಸ್ ಗ್ಯಾಲರಿ ಇದೆ. ಗ್ಲೋವರ್ ಬಿಡಿಸಿದ ಮಾರುಕಟ್ಟೆಯ ಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಮುದ್ದೆ, ಹತ್ತು ಹೆಜ್ಜೆ ಹಿಂದೆ ಸರಿದರೆ ಸಾವಿರ ಹೆಂಗಸರು. ಮೂರನೆಯದು ಗ್ಯಾಲರಿ 1957, ಘಾನಾಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ಅದರ ಹೆಸರು. ಅದು ಐಷಾರಾಮಿ ಹೋಟೆಲಿನಲ್ಲಿದೆ. ಬಾಗಿಲಲ್ಲಿ ನಿಂತ ಕಾವಲುಗಾರರನ್ನು ನೋಡಿ ಹಿಂಜರಿಯಬೇಡಿ. ಗ್ಯಾಲರಿ ನೋಡಲು ಬಂದಿದ್ದೇನೆ ಅಂದರೆ ಸಾಕು, ಒಳಗೆ ಬಿಡುತ್ತಾರೆ. ಟ್ರೊಟ್ರೊ ವ್ಯಾನಿನಿಂದ ಇಳಿದು ಧೂಳು ಮೆತ್ತಿದ ಚಪ್ಪಲಿಯಲ್ಲೇ ನಾನು ಹೋಗಿದ್ದೆ.