ಹಗ್ಗ ಹರಿದಿಲ್ಲ, ಮುಗಿದಿದೆ

ಈ ತಿಂಗಳ ಪತ್ರಗಳಲ್ಲಿ ಐದು ಒಂದೇ ಇಂಗ್ಲಿಷ್ ನುಡಿಗಟ್ಟಿನ ಬಗ್ಗೆ ಇವೆ: 'ಅಟ್ ದಿ ಎಂಡ್ ಆಫ್ ಒನ್ಸ್ ಟೆದರ್'. ಹಿಂದೆ ಎರಡು ಸಲ ನಾಲ್ಕು ಸಾಲಿನಲ್ಲಿ ಉತ್ತರಿಸಿದ್ದೆ, ಅದು ಸಾಲಲಿಲ್ಲ. ಈ ಸಲ ಅಂಕಣದ ಬಹುಪಾಲು ಅದಕ್ಕೇ ಮೀಸಲು.

ಪ್ರಶ್ನೆ: ಲೆಕ್ಕಪರಿಶೋಧನೆಯ ಕೆಲಸ ಮುಗಿಯುತ್ತ ಬಂದಿದೆ ಎಂದು ತಿಳಿಸಲು ಮೇಲಧಿಕಾರಿಗೆ 'ದಿ ವರ್ಕ್ ಈಸ್ ಅಟ್ ದಿ ಎಂಡ್ ಆಫ್ ದಿ ಟೆದರ್' ಎಂದು ಬರೆದೆ. ಅವರು ಗಾಬರಿಯಿಂದ ಫೋನ್ ಮಾಡಿ ಏನಾಯಿತು ಎಂದು ಕೇಳಿದರು. 'ಎಂಡ್' ಎಂದರೆ ಕೊನೆಯೇ ಅಲ್ಲವೇ? ನನ್ನ ತಪ್ಪೇನು? (ಯಲ್ಲಾಪುರದ ಓದುಗರು)

ನೀವು ಅರ್ಥ ಹುಡುಕಿದ್ದು 'ಎಂಡ್' ಎಂಬ ಪದದಲ್ಲಿ. ಹುಡುಕಬೇಕಿದ್ದದ್ದು 'ಟೆದರ್'ನಲ್ಲಿ. ಟೆದರ್ ಎಂದರೆ ಮೇಯಲು ಬಿಟ್ಟ ದನವನ್ನು ಗೂಟಕ್ಕೆ ಕಟ್ಟುವ ಹಗ್ಗ, ನಮ್ಮ ಕಣ್ಣಿಹಗ್ಗ. ಯಲ್ಲಾಪುರದವರಿಗೆ ಇದನ್ನು ಚಿತ್ರ ಬರೆದು ತೋರಿಸಬೇಕಾಗಿಲ್ಲ.

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಒಂದು ಕೆಂಪು ಹಸುವಿತ್ತು. ಮಳೆಗಾಲ ಮುಗಿದ ಮೇಲೆ ಬೇಣದಲ್ಲಿ ಗೂಟ ಹೊಡೆದು ಅದನ್ನು ಕಟ್ಟಿ ಬರುವುದು ನನ್ನ ಕೆಲಸ. ಸಂಜೆ ಹೋಗಿ ನೋಡಿದರೆ ಗೂಟದ ಸುತ್ತ ಒಂದು ದುಂಡನೆಯ ಬಯಲು. ಒಳಗೆ ಹುಲ್ಲು ನೆಲ ಕಾಣುವಷ್ಟು ಬೋಳು, ಗೆರೆಯಾಚೆ ಮೊಣಕಾಲೆತ್ತರದ ಹಸಿರು. ಹಸು ಆ ಗೆರೆಯ ಮೇಲೆ ಮುಂಗಾಲೂರಿ ಕುತ್ತಿಗೆ ಚಾಚಿರುತ್ತಿತ್ತು. ಹಗ್ಗ ತಂತಿಯಂತೆ ಬಿಗಿದಿರುತ್ತಿತ್ತು, ಗೂಟ ಒಂದಿಷ್ಟು ವಾಲಿರುತ್ತಿತ್ತು, ನಾಲಿಗೆಯ ತುದಿಗೆ ಹುಲ್ಲು ಬೆರಳಗಲ ದೂರದಲ್ಲಿರುತ್ತಿತ್ತು. ಹಗ್ಗ ಹರಿಯುತ್ತಿರಲಿಲ್ಲ, ಹಸು ನುಗ್ಗುತ್ತಿರಲಿಲ್ಲ. ಇನ್ನೊಂದು ಹೆಜ್ಜೆ ಇಡುವಂತಿಲ್ಲ, ಅಷ್ಟೆ. ಈ ನುಡಿಗಟ್ಟು ಆ ಸ್ಥಿತಿಯನ್ನು ಹೇಳುತ್ತದೆ. ತಾಳ್ಮೆಯೋ ಶಕ್ತಿಯೋ ಉಪಾಯವೋ ತೀರಿದೆ, ಇನ್ನು ನನ್ನಿಂದಾಗದು ಎಂಬ ಹಂತ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದಲ್ಲೇ ಮನುಷ್ಯನ ಬುದ್ಧಿಯ ಮಿತಿಯನ್ನು ಹೇಳಲು ಇದೇ ಹಗ್ಗವನ್ನು ತಂದಿದ್ದ: ಬುದ್ಧಿ ತನ್ನ ಟೆದರ್ ಎಳೆದಷ್ಟು ದೂರ ಹೋಗಿ ಅಲ್ಲಿ ನಿಲ್ಲಬೇಕು ಎಂದು. ಅಲ್ಲಿಯೂ ಮಾತು ನಿಲ್ಲುವುದರದ್ದು, ಹರಿಯುವುದರದ್ದಲ್ಲ.

ಆದ್ದರಿಂದ ಮೊದಲ ನಿಯಮ: ಕೆಲಸ, ಪುಸ್ತಕ, ರಸ್ತೆ, ತಿಂಗಳು ಇವು ಯಾವುವೂ ಟೆದರ್‌ನ ತುದಿ ಮುಟ್ಟುವುದಿಲ್ಲ. ಮುಟ್ಟುವುದು ಸಹಿಸುವ ಜೀವ. ನಿಮ್ಮ ಕೆಲಸಕ್ಕೆ 'ದಿ ವರ್ಕ್ ಈಸ್ ನಿಯರ್ಲಿ ಓವರ್' ಸಾಕಿತ್ತು. ನಿಮ್ಮ ಮೇಲಧಿಕಾರಿ ಸರಿಯಾಗಿಯೇ ಗಾಬರಿಯಾದರು. ಕಚೇರಿಯಲ್ಲಿ ಯಾರೋ ಸೋತು ಕುಳಿತಿದ್ದಾರೆ ಎಂದು ಅವರಿಗೆ ಕೇಳಿಸಿತು.

ಎರಡನೆಯದು, ಹಗ್ಗ ಯಾರದು ಎಂದು ಹೇಳಲೇಬೇಕು. ನನ್ನದಾದರೆ ಮೈ, ಅವಳದಾದರೆ ಹರ್, ಅವರದಾದರೆ ದೇರ್. ನೀವು ಬರೆದ 'ದಿ ಟೆದರ್' ಯಾರ ಕುತ್ತಿಗೆಯದೂ ಅಲ್ಲ. ಹತ್ತು ಜನರಿದ್ದರೂ 'ದೇರ್ ಟೆದರ್' ಎಂದು ಏಕವಚನದಲ್ಲಿ ಬರೆಯುವುದೇ ರೂಢಿ. 'ದಿ ಎಂಡ್'ಗೆ ಮೊದಲು 'ಅಟ್' ಬರಬೇಕು, 'ಇನ್' ಅಲ್ಲ. 'ರೀಚ್' ಎಂಬ ಕ್ರಿಯಾಪದ ಬಂದರೆ 'ಅಟ್' ಬೇಡ. 'ವೆರಿ ಅಟ್ ದಿ ಎಂಡ್' ಎಂದು ಬರೆದವರೂ ಇದ್ದಾರೆ. ತುದಿ ಮುಟ್ಟಿದ ಮೇಲೆ 'ಬಹಳ' ಎಲ್ಲಿಂದ ಬಂತು? 'ನಿಯರ್ಲಿ' ಹೊಂದುತ್ತದೆ, ಇನ್ನೂ ಗೇಣು ಹಗ್ಗ ಉಳಿದಿದ್ದರೆ.

ವಾಕ್ಯ ಯಾವಾಗ ಒಪ್ಪುತ್ತದೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯಲ್ಲೇ ಸಂದರ್ಭಗಳಿವೆ. ದುಬಾರಿ ಮೈಲುತುತ್ತ ತಂದು, ಅಡಿಕೆ ಮರ ಹತ್ತುವ ಕೊನೆಗೌಡರನ್ನು ಕಾದು, ಮೂರನೇ ಸಲ ಮದ್ದು ಹೊಡೆಸಿದ ಮೇಲೂ ಮಳೆ ಬಿಡದೆ ಕೊಳೆರೋಗಕ್ಕೆ ಅಡಿಕೆ ಉದುರುತ್ತಿದ್ದರೆ ತೋಟದ ಯಜಮಾನ 'ಐ ಆ್ಯಮ್ ಅಟ್ ದಿ ಎಂಡ್ ಆಫ್ ಮೈ ಟೆದರ್' ಎನ್ನಬಹುದು. ಮೊದಲ ಮದ್ದಿಗೇ ಹೇಳಿದರೆ ಸುಳ್ಳಾಗುತ್ತದೆ. ಕಾರವಾರದ ಯಾಂತ್ರಿಕ ದೋಣಿಯವರು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಕಳೆದು ಕಡಲಿಗಿಳಿದು, ನಾಲ್ಕನೇ ವಾರವೂ ಖಾಲಿ ಬಲೆ ಎಳೆದು ದಡಕ್ಕೆ ಬಂದರೆ 'ದೇ ಆರ್ ಅಟ್ ದಿ ಎಂಡ್ ಆಫ್ ದೇರ್ ಟೆದರ್'. ಹಿಂದೆ ದಿನಗಳು ಸಾಲುಗಟ್ಟಿರಬೇಕು. ಬಸ್ ಹತ್ತು ನಿಮಿಷ ತಡವಾದದ್ದಕ್ಕೆ ಇದು ಹೊಂದುವುದಿಲ್ಲ.

ಕನ್ನಡಕ್ಕೆ ತರುವಾಗ 'ತಾಳ್ಮೆಯ ಕಟ್ಟೆ ಒಡೆಯಿತು' ಎಂದು ಬರೆಯುತ್ತಾರೆ, ಪತ್ರಿಕೆಯವರೂ. ನನಗೆ ಇದು ಸಹನೆಯಾಗುವುದಿಲ್ಲ. ಕಟ್ಟೆ ಒಡೆದರೆ ನೀರು ನುಗ್ಗುತ್ತದೆ, ಮನುಷ್ಯ ಕೂಗಾಡುತ್ತಾನೆ. ಟೆದರ್‌ನ ತುದಿಯಲ್ಲಿರುವವನು ಇನ್ನೂ ಕೂಗಾಡಿಲ್ಲ, ಬಹುಶಃ ಮಾತೂ ಕಡಿಮೆಯಾಗಿದೆ. 'ಸಾಕೋ ಸಾಕಾಗಿ ಹೋಗಿದೆ', 'ಕೈಸೋತಿದ್ದೇನೆ', 'ಇನ್ನು ತಡೆಯಲಾರೆ' ಇವು ಹತ್ತಿರದವು. 'ದಿ ಲಾಸ್ಟ್ ಸ್ಟ್ರಾ' ಬೇರೆ: ಅದು ಒಂಟೆಯ ಬೆನ್ನು ಮುರಿದ ಕೊನೆಯ ಹುಲ್ಲುಕಡ್ಡಿ, ಒಂದು ಘಟನೆ. ಟೆದರ್ ಘಟನೆಯಲ್ಲ, ಅವಸ್ಥೆ.

ಪ್ರಶ್ನೆ: ಈ ಹಗ್ಗ ನೇಣಿನ ಹಗ್ಗವೆಂದು ಒಂದು ವಿಡಿಯೊದಲ್ಲಿ ಹೇಳಿದರು. ನಿಜವೇ? (ಅಂಕೋಲಾ)

ಸುಳ್ಳು. ಒಂದು ತಿಂಗಳಲ್ಲಿ ನಿರರ್ಗಳ ಇಂಗ್ಲಿಷ್ ಕಲಿಸುತ್ತೇವೆಂದು ಹಣ ಕೀಳುವವರಿಗೆ ನಿಘಂಟು ತೆರೆಯಲು ಪುರುಸೊತ್ತಿಲ್ಲ, ಕಥೆ ಕಟ್ಟಲು ಇದೆ. ಈ ಕಥೆಯಿಂದ ನಿಜವಾದ ಕೆಡುಕಿದೆ. ದಣಿದ ಮನುಷ್ಯ ದಣಿದಿದ್ದೇನೆ ಎಂದರೆ ಕೇಳುವವರಿಗೆ ಸಾವು ನೆನಪಾಗುವಂತೆ ಮಾಡುವುದು ಯಾವ ಪಾಠ? ಅಂಥ ವಿಡಿಯೊ ನೋಡುವುದನ್ನು ಬಿಡಿ.

ಪ್ರಶ್ನೆ: ಅಮೆರಿಕದವರು 'ಎಂಡ್ ಆಫ್ ಮೈ ರೋಪ್' ಎನ್ನುತ್ತಾರಲ್ಲ? (ಕುಮಟಾ)

ಎನ್ನುತ್ತಾರೆ, ಅರ್ಥ ಅದೇ. ಒಂದೇ ಲೇಖನದಲ್ಲಿ ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ಮೊಬೈಲಿನ 'ಟೆದರಿಂಗ್' ಇದೇ ಪದವೇ? (ಕಾರವಾರ)

ಇದೇ. ಕಂಪ್ಯೂಟರನ್ನು ಫೋನಿನ ಇಂಟರ್ನೆಟ್‌ಗೆ ಕಟ್ಟಿಹಾಕುವುದು.

ಪ್ರಶ್ನೆ: ದಿನಕ್ಕೆ ಹತ್ತು ನುಡಿಗಟ್ಟು ಬಾಯಿಪಾಠ ಮಾಡಲೇ? (ಸಿದ್ದಾಪುರದ ವಿದ್ಯಾರ್ಥಿ)

ಬೇಡ. ವಾರಕ್ಕೆ ಒಂದನ್ನು ಐದು ವಾಕ್ಯಗಳಲ್ಲಿ ಬರೆದು, ತಿಳಿದವರಿಗೆ ತೋರಿಸಿ.

ಪ್ರಶ್ನೆ: ಅತ್ತೆಯವರು ಹಾಸಿಗೆ ಹಿಡಿದು ಎಂಟು ತಿಂಗಳಾಯಿತು. ರಜೆಯ ಅರ್ಜಿಯಲ್ಲಿ 'ಐ ಆ್ಯಮ್ ಅಟ್ ದಿ ಎಂಡ್ ಆಫ್ ಮೈ ಟೆದರ್' ಎಂದು ಬರೆಯಬಹುದೇ? (ಹೊನ್ನಾವರ)

ವ್ಯಾಕರಣ ಸರಿಯಿದೆ ತಾಯಿ, ನಿಮ್ಮಷ್ಟು ಸರಿಯಾಗಿ ಇದನ್ನು ಬಳಸಿದವರನ್ನು ಈ ತಿಂಗಳು ಕಾಣಲಿಲ್ಲ. ಆದರೂ ಅರ್ಜಿಯಲ್ಲಿ ಬರೆಯಬೇಡಿ. ನೌಕರಿ ಬಿಡುವ ಸೂಚನೆಯೆಂದು ಓದಿಕೊಳ್ಳುವವರಿರುತ್ತಾರೆ, ಆ ಕಾಗದ ಕಡತದಲ್ಲಿ ಉಳಿಯುತ್ತದೆ. ಮನೆಯಲ್ಲಿ ಕಾಯಿಲೆಯವರಿದ್ದಾರೆ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ, ಇಂತಿಂಥ ತಾರೀಖಿನಿಂದ ಇಷ್ಟು ದಿನ ರಜೆ ಬೇಕು ಎಂದು ಬರೆದು ವೈದ್ಯರ ಚೀಟಿ ಲಗತ್ತಿಸಿ. ಟೆದರ್‌ನ ಆ ವಾಕ್ಯವನ್ನು ನಿಮ್ಮ ಯಜಮಾನರಿಗೋ ನಾದಿನಿಗೋ ಕನ್ನಡದಲ್ಲಿ, ಇವತ್ತೇ ಹೇಳಿ. ವಾರಕ್ಕೆರಡು ರಾತ್ರಿ ಅವರು ಎದ್ದಿರಲಿ.